ಎರಡು ದಿನ, ಇಬ್ಬರು ಮಕ್ಕಳು, ಜೊತೆಗೆ ಅಜ್ಜಿ: ಬೆಂಗಳೂರಲ್ಲಿ ಏನೇನು ನೋಡಬಹುದು?

ಕೇಳಿದವರು, ಹುಬ್ಬಳ್ಳಿ

ಶುಕ್ರವಾರ ರಾತ್ರಿ ರೈಲು ಹತ್ತಿ ಶನಿವಾರ ಬೆಳಿಗ್ಗೆ ಬೆಂಗಳೂರಲ್ಲಿ ಇಳಿಯುತ್ತೇವೆ. ಭಾನುವಾರ ರಾತ್ರಿ ವಾಪಸ್. ಮಗನಿಗೆ 7 ವರ್ಷ, ಮಗಳಿಗೆ 4. ನಮ್ಮತ್ತೆಯೂ ಬರುತ್ತಾರೆ, ಅವರಿಗೆ ಮೊಣಕಾಲು ನೋವು. ನನ್ನ ಪಟ್ಟಿ ಹೀಗಿದೆ: ವಿಧಾನಸೌಧ, ಕಬ್ಬನ್ ಪಾರ್ಕ್, ವಿಶ್ವೇಶ್ವರಯ್ಯ ಮ್ಯೂಸಿಯಂ, ತಾರಾಲಯ, ಲಾಲ್‌ಬಾಗ್, ಬನ್ನೇರುಘಟ್ಟ, ಇಸ್ಕಾನ್, ವಂಡರ್‌ಲಾ. ಮಗ ಹುಲಿ ನೋಡಲೇಬೇಕು ಅಂತ ಕೂತಿದ್ದಾನೆ. ಚಿಕ್ಕ ಮಕ್ಕಳನ್ನು ಕರಕೊಂಡು ಹೋಗಿ ಬಂದವರು ನಿಮ್ಮ ಅನುಭವ ಹೇಳಿ.

ಇಬ್ಬರು ಮಕ್ಕಳ ತಾಯಿ, ಶಿವಮೊಗ್ಗ

ಮೊದಲು ಆ ಪಟ್ಟಿಯಲ್ಲಿ ಅರ್ಧ ಹೊಡೆದು ಹಾಕಿ. ಬೇಜಾರು ಮಾಡ್ಕೋಬೇಡಿ. ಮೊದಲ ಸಲ ಹೋದಾಗ ನಾನೂ ಇಷ್ಟೇ ಉದ್ದದ ಪಟ್ಟಿ ಹಿಡಿದಿದ್ದೆ. ಆ ಎರಡು ದಿನದಲ್ಲಿ ನನ್ನ ಮಕ್ಕಳು ಜಾಸ್ತಿ ನೋಡಿದ್ದು ಆಟೋದ ಹಿಂದಿನ ಸೀಟು.

ಎರಡನೇ ಸಲ ಬುದ್ಧಿ ಬಂತು. ದಿನಕ್ಕೆ ಊರಿನ ಒಂದೇ ಮೂಲೆ ಅಂತ ಇಟ್ಟುಕೊಂಡೆವು. ನಿಮಗೂ ಅದನ್ನೇ ಹೇಳುತ್ತೇನೆ. ಶನಿವಾರ ಲಾಲ್‌ಬಾಗ್ ಮತ್ತು ಬಸವನಗುಡಿ. ಭಾನುವಾರ ಮ್ಯೂಸಿಯಂ, ಕಬ್ಬನ್ ಪಾರ್ಕ್, ವಿಧಾನಸೌಧ. ಇದನ್ನು ಅದಲು ಬದಲು ಮಾಡಬೇಡಿ. ಭಾನುವಾರ ಕಬ್ಬನ್ ಪಾರ್ಕ್ ಒಳಗಿನ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ಮಕ್ಕಳ ಕೈ ಬಿಟ್ಟರೂ ಎದೆ ಹೊಡೆದುಕೊಳ್ಳುವುದಿಲ್ಲ. ಸಂಜೆ ಕತ್ತಲಾದ ಮೇಲೆ ವಿಧಾನಸೌಧಕ್ಕೆ ದೀಪ ಹಾಕುತ್ತಾರೆ, ಅದನ್ನು ನೋಡಿಕೊಂಡೇ ರೈಲಿಗೆ ಹೋಗಬಹುದು. ಮೆಟ್ರೋ ಹತ್ತಿದರೆ ಮೆಜೆಸ್ಟಿಕ್ ಹತ್ತೇ ನಿಮಿಷ.

ಮ್ಯೂಸಿಯಂಗೆ ಬೆಳಿಗ್ಗೆ 9.30ಕ್ಕೆ ಬಾಗಿಲು ತೆಗೆಯುವಾಗಲೇ ಹೋಗಿ. 11 ಗಂಟೆ ಮೇಲೆ ಜನವೋ ಜನ. ಒಳಗೆ ಒಂದು ಡೈನೋಸಾರ್ ಇದೆ. ಕತ್ತು ಅಲ್ಲಾಡಿಸುತ್ತದೆ, ಗುರ್ ಅನ್ನುತ್ತದೆ. ನನ್ನ ದೊಡ್ಡ ಮಗ ಅದರ ಮುಂದೆ ಅರ್ಧ ಗಂಟೆ ನಿಂತ. ಚಿಕ್ಕವಳು ನನ್ನ ಸೆರಗಿನೊಳಗೆ ಮುಖ ಹುದುಗಿಸಿಕೊಂಡು, ಒಂದು ಕಣ್ಣಲ್ಲಿ ಮಾತ್ರ ನೋಡಿದಳು. ನಿಮ್ಮ 4 ವರ್ಷದವಳಿಗೆ ಮೊದಲೇ ಹೇಳಿಟ್ಟಿರಿ, ಅದು ಕರೆಂಟಿನ ಗೊಂಬೆ ಅಂತ. ರೈಟ್ ಸಹೋದರರ ವಿಮಾನದ ಪೂರ್ತಿ ಅಳತೆಯ ಮಾದರಿಯೂ ಇದೆ. ಮಕ್ಕಳಿಗೆ ಖುಷಿ ಕೊಡುವುದು ಗುಂಡಿ ಒತ್ತಿ, ಹಿಡಿ ತಿರುಗಿಸಿ ನೋಡುವ ಆಟಗಳು. ಎಲ್ಲ ಮಹಡಿ ಹತ್ತಲೇಬೇಕು ಅನ್ನೋ ಹಟ ಬೇಡ. ನಾವು ಎರಡು ಮಹಡಿ ನೋಡಿ ಇಳಿದೆವು.

ಪಕ್ಕವೇ ಕಬ್ಬನ್ ಪಾರ್ಕ್. ಅದರೊಳಗೆ ಬಾಲಭವನ, ಅಲ್ಲಿ ಪುಟಾಣಿ ಎಕ್ಸ್‌ಪ್ರೆಸ್ ರೈಲು. ನಿಮ್ಮ ಮಗಳಿಗೆ ಆ ದಿನ ಬೇರೇನೂ ಬೇಕಾಗುವುದಿಲ್ಲ. ಆದರೆ ನೆನಪಿಡಿ, ವಾಹನ ಬಿಡದ ದಿನ ಆಟೋ ಪಾರ್ಕಿನ ಗೇಟಿನ ತನಕ ಮಾತ್ರ. ಅತ್ತೆಯವರು ಅಲ್ಲಿಂದ ನಡೆಯಬೇಕು. ನಮ್ಮಮ್ಮ ಪ್ರತಿ ಬೆಂಚಿನ ಮೇಲೂ ಕೂತು ಕೂತು ಬಂದರು. ನಾವೂ ಅವಸರ ಮಾಡಲಿಲ್ಲ.

ವಿಧಾನಸೌಧದ ವಿಷಯ. ಹೊರಗಿನಿಂದ ನೋಡಿದರೂ ಸಾಕು. ಮಗ ಆಗಷ್ಟೇ ಒತ್ತಕ್ಷರ ಕಲಿತಿದ್ದ. ಮುಂಭಾಗದಲ್ಲಿ ಮೇಲೆ ಬರೆದಿದೆಯಲ್ಲ, ಅದನ್ನು ಬೇಲಿ ಹಿಡಿದುಕೊಂಡು ಜೋರಾಗಿ ಓದಿದ: 'ಸ..ರ್ಕಾ..ರದ ಕೆಲಸ ದೇ..ವರ ಕೆಲಸ'. ಅಲ್ಲೇ ನಿಂತಿದ್ದ ಪೊಲೀಸಪ್ಪ ನಕ್ಕುಬಿಟ್ಟರು. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ್ದು, 1956ರಲ್ಲಿ ಮುಗಿದದ್ದು ಅಂತೆಲ್ಲ ನಾನು ಶುರು ಮಾಡಿದೆ. ಅಷ್ಟರಲ್ಲಿ ಅವನ ಗಮನ ಪಾರಿವಾಳದ ಕಡೆ ಹೋಗಿತ್ತು. ಎದುರಿನ ಕೆಂಪು ಕಟ್ಟಡ ಅಠಾರ ಕಚೇರಿ, ಈಗ ಹೈಕೋರ್ಟ್. ಅದನ್ನೂ ತೋರಿಸಿ.

ಇನ್ನೊಂದು ಮುಖ್ಯ ಮಾತು. ನೀವು ಬೆಳಿಗ್ಗೆ ಇಳಿಯುವಾಗ ಲಾಡ್ಜ್ ರೂಮ್ ಸಿಗುತ್ತಾ ಅಂತ ಫೋನ್ ಮಾಡಿ ಕೇಳಿಕೊಳ್ಳಿ. ನಮಗೆ ಒಂದು ಕಡೆ ಮಧ್ಯಾಹ್ನ 12ಕ್ಕೇ ರೂಮ್ ಅಂದರು. ಇಬ್ಬರು ಮಕ್ಕಳು, ಮೂರು ಬ್ಯಾಗು, ರಿಸೆಪ್ಷನ್ ಸೋಫಾ. ಮಗಳು ಅದರ ಮೇಲೆ ಹಾಲು ಚೆಲ್ಲಿದಳು. ಸತ್ಯ ಹೇಳಬೇಕೆಂದರೆ ನನಗೆ ಸ್ವಲ್ಪ ಸಮಾಧಾನವೇ ಆಯ್ತು.

ಮನೆಗೆ ಸದಾ ನೆಂಟರು ಬರುವವರು, ಜಯನಗರ

ಮೇಲಿನವರು ಹೇಳಿದ್ದು ಸರಿ. ರೂಮಿನ ವಿಷಯಕ್ಕೆ ಒಂದು ಸೇರಿಸುತ್ತೇನೆ: ಸ್ಟೇಷನ್ನಿನಲ್ಲೇ ರಿಟೈರಿಂಗ್ ರೂಮ್ ಇದೆ. ನಿಮ್ಮ ಟಿಕೆಟಿನ ಪಿಎನ್‌ಆರ್ ಹಾಕಿ ಆನ್‌ಲೈನಲ್ಲಿ ಮೊದಲೇ ಬುಕ್ ಮಾಡಬಹುದು. ಮಕ್ಕಳಿಗೆ ಸ್ನಾನ, ತಿಂಡಿ ಆದರೆ ದಿನವೇ ಬೇರೆ.

ಓಡಾಟಕ್ಕೆ ಮೆಟ್ರೋ. 3 ಅಡಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಟಿಕೆಟ್ ಇಲ್ಲ. 4 ವರ್ಷದವಳು ಅದನ್ನು ದಾಟಿರಬಹುದು, ಮನೆಯಲ್ಲೇ ಅಳೆದು ನೋಡಿ. ಅತ್ತೆಯವರಿಗೆ ಎಸ್ಕಲೇಟರ್ ಭಯ ಇದ್ದರೆ ಎಲ್ಲ ಸ್ಟೇಷನ್ನಿನಲ್ಲೂ ಲಿಫ್ಟ್ ಇದೆ, ಸುಮ್ನೆ ಹುಡುಕಬೇಕು ಅಷ್ಟೇ. ಲಾಲ್‌ಬಾಗ್‌ಗೆ ಹಸಿರು ಮಾರ್ಗ, ಲಾಲ್‌ಬಾಗ್ ಅಂತಲೇ ಸ್ಟೇಷನ್. ಕಬ್ಬನ್ ಪಾರ್ಕ್, ವಿಧಾನಸೌಧಕ್ಕೆ ನೇರಳೆ ಮಾರ್ಗ. ಎರಡೂ ಸೇರುವುದು ಮೆಜೆಸ್ಟಿಕ್‌ನಲ್ಲಿ. ಅಲ್ಲಿ ಮಾತ್ರ ಮಕ್ಕಳ ಕೈ ಬಿಡಬೇಡಿ, ಜನ ನದಿಯ ಹಾಗೆ ಹರಿಯುತ್ತಾರೆ. ಭಾನುವಾರ ಮೆಟ್ರೋ ಶುರುವಾಗುವುದು 7 ಗಂಟೆಗೆ, ಅದಕ್ಕಿಂತ ಮೊದಲು ಹೋಗಿ ಕಾಯಬೇಡಿ.

ಬಸ್ ಆದರೆ ನೀವೂ ಅತ್ತೆಯೂ ಆಧಾರ್ ಕಾರ್ಡ್ ಕೈಯಲ್ಲಿಟ್ಟುಕೊಳ್ಳಿ. ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ ಹೆಂಗಸರಿಗೆ ಉಚಿತ. ಏಸಿ ಬಸ್ಸಿಗೆ ಆಗಲ್ಲ. ನಿಮ್ಮ ಮನೆಯವರು ಮಾತ್ರ ದುಡ್ಡು ಕೊಡಬೇಕು, ಕೊಡಲಿ ಬಿಡಿ.

ಲಾಲ್‌ಬಾಗಲ್ಲಿ ಬ್ಯಾಟರಿ ಗಾಡಿ ಇದೆ, ಅಜ್ಜಿಯನ್ನು ಅದರಲ್ಲಿ ಕೂರಿಸಿ. 240 ಎಕರೆ ತೋಟ, ಮೊಣಕಾಲು ಹಿಡಿದುಕೊಂಡು ಸುತ್ತುವುದಲ್ಲ. ಗಾಜಿನ ಮನೆ 1889ರದ್ದು, ಫಲಪುಷ್ಪ ಪ್ರದರ್ಶನ ಇಲ್ಲದ ದಿನ ಒಳಗೆ ಖಾಲಿ ಖಾಲಿ. ಮಕ್ಕಳಿಗೆ ಮಜಾ ಕೊಡುವುದು ಕೆಂಪೇಗೌಡ ಗೋಪುರದ ಬಂಡೆ. ಸುಮಾರು 300 ಕೋಟಿ ವರ್ಷದ ಕಲ್ಲು ಅಂತ ಅಲ್ಲೇ ಫಲಕ ಇದೆ. ನಮ್ಮ ನೆಂಟರ ಹುಡುಗ 'ಅಜ್ಜಿಗಿಂತ ಹಳೇದಾ?' ಅಂತ ಕೇಳಿದ. ಬೆಳಿಗ್ಗೆ 9ರೊಳಗೆ ಹತ್ತಿ ಇಳಿಯಿರಿ. ಮಧ್ಯಾಹ್ನ ಆ ಬಂಡೆ ಕಾದ ಹೆಂಚು.

ಒಬ್ಬ ಅಪ್ಪ, ಕಲಬುರಗಿ

ಎಲ್ಲರೂ ಬನ್ನೇರುಘಟ್ಟ ಬಿಡಿ ಅನ್ನುವ ಮೊದಲೇ ಹೇಳಿಬಿಡುತ್ತೇನೆ. ಅದಕ್ಕೇ ಒಂದು ಪೂರ್ತಿ ದಿನ ಕೊಡುವುದಾದರೆ ಮಾತ್ರ ಹೋಗಿ. ನಾವು ಭಾನುವಾರ ಹೋದೆವು. ಮೆಜೆಸ್ಟಿಕ್‌ನಿಂದ 365 ನಂಬರ್ ಬಸ್ಸು, ದಾರಿಯಲ್ಲೇ ಎರಡು ತಾಸು. ಸಫಾರಿ ಟಿಕೆಟ್ ಆನ್‌ಲೈನಲ್ಲಿ ತಗೊಂಡಿರಲಿಲ್ಲ, ಅದು ನಮ್ಮದೇ ತಪ್ಪು. ಬಿಸಿಲಲ್ಲಿ ಕ್ಯೂ ನಿಂತೆವು. ಕೊನೆಗೆ ವ್ಯಾನು ಸಿಂಹದ ಹತ್ತಿರ ನಿಂತಿತು. ಎಲ್ಲರೂ 'ನೋಡು ನೋಡು' ಅಂತಿದ್ದರು. ನನ್ನ ಮಗ ನನ್ನ ಹೆಗಲ ಮೇಲೆ ಜೊಲ್ಲು ಸುರಿಸಿಕೊಂಡು ನಿದ್ದೆ. ಎಬ್ಬಿಸಿದೆ. ಕಣ್ಣು ಬಿಟ್ಟು ನೋಡಿ, 'ಅಪ್ಪಾ ನೀರು' ಅಂದ, ಮತ್ತೆ ಮಲಗಿದ.

ಆದರೂ ಚಿಟ್ಟೆ ಉದ್ಯಾನ ಚೆನ್ನಾಗಿತ್ತು. ಮೂರು ದಿನ ಇದ್ದಿದ್ದರೆ ಖಂಡಿತ ಹೋಗಿ ಅನ್ನುತ್ತಿದ್ದೆ. ಮಂಗಳವಾರ ರಜೆ, ಅದು ನಿಮಗೆ ಸಂಬಂಧವಿಲ್ಲ.

ವಂಡರ್‌ಲಾ ಬಿಡದಿ ಹತ್ತಿರ, ಇನ್ನೊಂದು ದಿಕ್ಕು. ಅಲ್ಲಿ ಎತ್ತರದ ಲೆಕ್ಕ. 4 ವರ್ಷದವಳನ್ನು ದೊಡ್ಡ ಆಟಗಳಿಗೆ ಬಿಡಲ್ಲ. ಯಾರಾದರೊಬ್ಬರು ಅವಳ ಜೊತೆ ಕೆಳಗೇ ಕೂರಬೇಕು. ಅಲ್ಲಿ ಕೂತವನು ನಾನೇ, ಅನುಭವದ ಮಾತು.

ಚಿಕ್ಕಮಗಳೂರಿನಿಂದ

ತಾರಾಲಯ 7 ವರ್ಷದವನಿಗೆ ಓಕೆ. ಕನ್ನಡ ಪ್ರದರ್ಶನದ ಸಮಯ ನೋಡಿಕೊಂಡೇ ಹೋಗಿ. ದೀಪ ಆರಿಸಿದ ಕೂಡಲೇ ನಮ್ಮ ಪುಟ್ಟಿ ಅತ್ತಳು, ನಕ್ಷತ್ರ ಬರುವಷ್ಟರಲ್ಲಿ ನಾನು ಅವಳ ಜೊತೆ ಹೊರಗಿದ್ದೆ.

ಬಸವನಗುಡಿಯವರು

ಶನಿವಾರ ನಮ್ಮ ಕಡೆ ಬರುತ್ತೀರಿ ಅಂತಾಯ್ತು. ಲಾಲ್‌ಬಾಗ್ ಮುಗಿಸಿ ರೂಮಿಗೆ ಹೋಗಿ ಮಲಗಿ. ಹೌದು, ಮಲಗಿ. ಮಧ್ಯಾಹ್ನ ನಿದ್ದೆ ತಪ್ಪಿದ ಮಗುವಿನ ಜೊತೆ ಸಂಜೆ ಯಾವ ಊರೂ ಚೆನ್ನಾಗಿರಲ್ಲ. 4.30ಕ್ಕೆ ದೊಡ್ಡ ಬಸವಣ್ಣನ ಗುಡಿಗೆ ಬನ್ನಿ. ಒಂದೇ ಕಲ್ಲಿನ ಬಸವ, ಸುಮಾರು 15 ಅಡಿ ಎತ್ತರ. ಸುತ್ತ ಪ್ರದಕ್ಷಿಣೆ ಹಾಕಿದರೆ ಹಿಂದೆ ಬಾಲ ಸಿಗುತ್ತದೆ, ಮಕ್ಕಳಿಗೆ ಅದನ್ನು ಹುಡುಕಲು ಹೇಳಿ. ಗುಡಿಗೆ ಮೆಟ್ಟಿಲು ಇವೆ. ಅತ್ತೆಗೆ ಕಷ್ಟ ಆದರೆ ಕೆಳಗೇ ದೊಡ್ಡ ಗಣಪತಿ ಗುಡಿ ಇದೆ. ಪಕ್ಕದಲ್ಲೇ ಬ್ಯೂಗಲ್ ರಾಕ್ ಪಾರ್ಕು, ಸಂಜೆ ಮರದ ತುಂಬಾ ಬಾವಲಿ.

ಆಮೇಲೆ ಗಾಂಧಿ ಬಜಾರು. ವಿದ್ಯಾರ್ಥಿ ಭವನದ ದೋಸೆ ತಿನ್ನಬೇಕು ಅಂದರೆ ಮಕ್ಕಳಿಗೆ ಹಸಿವಾಗುವ ಒಂದು ಗಂಟೆ ಮೊದಲೇ ಹೋಗಿ ಹೆಸರು ಬರೆಸಿ. ಸಪ್ಲೈಯರ್ ಒಂದೇ ಕೈಯಲ್ಲಿ ದೋಸೆ ತಟ್ಟೆಗಳನ್ನು ಅಡ್ಡಡ್ಡ ಪೇರಿಸಿಕೊಂಡು ಬರುವುದನ್ನು ನೋಡುವುದೇ ಮಕ್ಕಳಿಗೆ ಒಂದು ಸರ್ಕಸ್ಸು. ಇಸ್ಕಾನ್ ಅತ್ತ ರಾಜಾಜಿನಗರದಲ್ಲಿ, ಅದಕ್ಕೂ ಹತ್ತಬೇಕು. ಈ ಸಲ ಬಿಡಿ.

ಕೇಳಿದವರು, ಹುಬ್ಬಳ್ಳಿ

ಎಲ್ಲರಿಗೂ ಥ್ಯಾಂಕ್ಸ್. ರಿಟೈರಿಂಗ್ ರೂಮ್ ಬುಕ್ ಆಯ್ತು. ಮಗಳನ್ನು ಗೋಡೆಗೆ ನಿಲ್ಲಿಸಿ ಅಳೆದೆವು, 3 ಅಡಿ 3 ಇಂಚು. ಟಿಕೆಟ್ ತಗೋಬೇಕು. ಅತ್ತೆ ಬ್ಯಾಟರಿ ಗಾಡಿ ವಿಷಯ ಕೇಳಿದ ಮೇಲೆ ಹೊಸ ಸೀರೆ ತೆಗೆದಿಟ್ಟಿದ್ದಾರೆ. ಬನ್ನೇರುಘಟ್ಟ ಬಿಟ್ಟೆವು. ಮಗನಿಗೆ ಇನ್ನೂ ಹೇಳಿಲ್ಲ.