ಶಿರಸಿ–ಕುಮಟಾ ಘಟ್ಟಕ್ಕೆ ತಾಳುವ ಸೈಕಲ್ ಹಿಂದಿನ ಚಕ್ರ ಯಾವುದು?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕರು, ಶಿರಸಿ):
ನಮಸ್ಕಾರ. ನನ್ನದು ರಿಮ್ ಬ್ರೇಕ್ (ಚಕ್ರದ ಹೊರಬಳೆಯನ್ನೇ ಒತ್ತಿ ಹಿಡಿಯುವ ಬ್ರೇಕ್) ಇರುವ ರೋಡ್ ಬೈಕ್, ಶಿಮಾನೊ 10 ಸ್ಪೀಡ್ ಕ್ಯಾಸೆಟ್ (ಹಿಂದಿನ ಗೇರುಗಳ ಹಲ್ಲುಚಕ್ರಗಳ ಗುಚ್ಛ). ನನ್ನ ತೂಕ 88 ಕಿಲೋ. ರಜೆಯಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿ ಬರುತ್ತೇನೆ. ಸೈಕಲ್ ಜೊತೆಗೇ ಬಂದ ಹಿಂದಿನ ಚಕ್ರಕ್ಕೆ 24 ಕಡ್ಡಿಗಳಿವೆ. ಅವು ಒಂದರ ಹಿಂದೊಂದು ಮುರಿಯುತ್ತಿವೆ. ಎಲ್ಲವೂ ಎಡಬದಿಯವು, ಎಲ್ಲವೂ ಹಬ್ (ಚಕ್ರದ ನಡುವಿನ ಗುಂಬ) ಹತ್ತಿರ ಬಾಗಿರುವಲ್ಲಿಯೇ ಮುರಿದಿವೆ. ಹೊಸ ಕಡ್ಡಿ ಹಾಕಿಸಿ ಬೆಂಡ್ ತೆಗೆಸಿದರೂ ಕೆಲವೇ ವಾರಗಳಲ್ಲಿ ಮತ್ತೊಂದು ಹೋಗುತ್ತದೆ. ಈಗ ರಿಮ್‌ನಲ್ಲಿ ನಿಪ್ಪಲ್ (ಕಡ್ಡಿಯ ತುದಿಯನ್ನು ಬಿಗಿಯುವ ಪುಟ್ಟ ನಟ್ಟು) ತೂತಿನ ಸುತ್ತ ಸಣ್ಣ ಬಿರುಕು ಕಾಣಿಸಿಕೊಂಡಿದೆ. ಅಂಗಡಿಯವರೊಬ್ಬರು 50 ಮಿ.ಮೀ. ಎತ್ತರದ ಕಾರ್ಬನ್ ಚಕ್ರ ಹಾಕಿಸಿ ಎನ್ನುತ್ತಾರೆ. ನನಗೆ ವೇಗ ಬೇಡ, ಬಾಳಿಕೆ ಬೇಕು. ಏನು ಕೊಳ್ಳಲಿ?

ಉತ್ತರ (ಚಕ್ರ ಕಟ್ಟುವ ಮೆಕ್ಯಾನಿಕ್, ಕುಮಟಾ):
ಮಾಸ್ತರರೇ, ಆ ಚಕ್ರದಲ್ಲಿ ಇನ್ನೊಮ್ಮೆ ಘಟ್ಟ ಇಳಿಯಬೇಡಿ. ತೂತಿನ ಸುತ್ತ ಬಿರುಕು ಬಿಟ್ಟ ರಿಮ್‌ಗೆ ರಿಪೇರಿ ಎಂಬುದಿಲ್ಲ.

ಕಡ್ಡಿ ಮುರಿದಾಗ ಬಿಗಿತ ಹೆಚ್ಚಾಗಿತ್ತು ಎಂದುಕೊಂಡು ಉಳಿದವನ್ನು ಸಡಿಲಿಸುವವರು ಬಹಳ ಜನ. ನಿಜ ಸಂಗತಿ ಬೇರೆ. ಚಕ್ರ ಉರುಳುವಾಗ ನೆಲದ ಕಡೆಗೆ ಬಂದ ಕಡ್ಡಿಗಳ ಬಿಗಿತ ಕ್ಷಣಕಾಲ ಇಳಿಯುತ್ತದೆ, ಮೇಲೆ ಹೋದಂತೆ ಮರಳುತ್ತದೆ. ರೋಡ್ ಬೈಕಿನ ಸಾಮಾನ್ಯ ಅಳತೆಯಾದ 700ಸಿ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಶಿರಸಿಯಿಂದ ಕುಮಟಾಕ್ಕೆ 60 ಕಿಲೋಮೀಟರ್ ಎಂದು ಹಿಡಿದರೂ ಒಂದು ಕಡೆಯ ದಾರಿಗೇ ಪ್ರತಿ ಕಡ್ಡಿಯೂ 28 ಸಾವಿರಕ್ಕೂ ಹೆಚ್ಚು ಸಲ ಹೀಗೆ ಸಡಿಲಗೊಂಡು ಬಿಗಿಯುತ್ತದೆ. ಮೊದಲೇ ಸಡಿಲವಿದ್ದ ಕಡ್ಡಿ ಆ ಕ್ಷಣದಲ್ಲಿ ಪೂರ್ತಿ ಜೋಲಾಗಿ, ಹಬ್ ಹತ್ತಿರದ ಬಾಗಿನಲ್ಲಿ ಅಲುಗಾಡುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಹಾಗೆಯೇ ಅದು ದಣಿದು ಮುರಿಯುತ್ತದೆ.

ಎಡಬದಿಯವೇ ಏಕೆ ಎಂದರೆ, ಬಲಗಡೆ ಕ್ಯಾಸೆಟ್‌ಗೆ ಜಾಗ ಬೇಕು. ಹಾಗಾಗಿ ಹಬ್‌ನ ಬಲ ಅಂಚು ಚಕ್ರದ ನಡುವಿಗೆ ಸರಿದಿರುತ್ತದೆ, ಆ ಬದಿಯ ಕಡ್ಡಿಗಳು ಹೆಚ್ಚು ನೆಟ್ಟಗೆ ನಿಲ್ಲುತ್ತವೆ. ರಿಮ್ ನಡುವಿನಲ್ಲಿ ಉಳಿಯಬೇಕಾದರೆ ಬಲಗಡೆ ಬಹಳ ಬಿಗಿಯಬೇಕು, ಎಡಗಡೆಗೆ ಅದರ ಸುಮಾರು ಅರ್ಧ ಬಿಗಿತವಷ್ಟೇ ಉಳಿಯುತ್ತದೆ. ಬಲಗಡೆ 110ರಿಂದ 120 ಕಿಲೋ ಎಳೆತ ಇದ್ದರೆ ಎಡಗಡೆ 60ರ ಆಸುಪಾಸು. ಬಲಗಡೆಯೇ 80ಕ್ಕೆ ನಿಲ್ಲಿಸಿದ ಚಕ್ರದಲ್ಲಿ ಎಡಗಡೆಯ ಪಾಡು ಏನೆಂದು ನೀವೇ ಲೆಕ್ಕ ಹಾಕಿ. ಅದರ ಮೇಲೆ 24 ಕಡ್ಡಿ, 88 ಕಿಲೋ ಸವಾರ. ಒಂದು ಮುರಿದರೆ ಅದರ ಜೊತೆಯವೂ ಅಷ್ಟೇ ಸವೆದಿರುತ್ತವೆ, ಒಂದೊಂದಾಗಿ ಬದಲಿಸುತ್ತಾ ಹೋಗುವುದರಲ್ಲಿ ಅರ್ಥವಿಲ್ಲ.

ನನ್ನ ಸಲಹೆ: 32 ತೂತಿನ ಹಬ್, 32 ತೂತಿನ ಅಲ್ಯೂಮಿನಿಯಂ ರಿಮ್ ತರಿಸಿ, ಕೈಯಲ್ಲೇ ಕಟ್ಟಿಸಿ. ಎರಡೂ ಬದಿಗೆ ಮೂರು ಅಡ್ಡ ಹೆಣಿಗೆ, ಅಂದರೆ ಪ್ರತಿ ಕಡ್ಡಿಯೂ ತನ್ನ ಬದಿಯ ಮೂರು ಕಡ್ಡಿಗಳನ್ನು ದಾಟಬೇಕು. ಹಬ್‌ಗೆ ಶಿಮಾನೊ 105 ಸಾಕು, ಅದನ್ನು ಬಿಚ್ಚಿ ಬೇರಿಂಗ್ ಗುಂಡು ಬದಲಿಸಿ ಗ್ರೀಸ್ ಹಾಕಬಹುದು. ರಿಮ್‌ಗೆ ಡಿಟಿ ಸ್ವಿಸ್ ಆರ್ 460ರಂಥದ್ದು. ಕಡ್ಡಿ ಸ್ಟೇನ್‌ಲೆಸ್ ಆಗಿರಲಿ, ತುದಿಗಳಲ್ಲಿ 2 ಮಿ.ಮೀ., ನಡುವೆ 1.8 ಮಿ.ಮೀ. ಇರುವಂಥದ್ದು. ನಡು ತೆಳ್ಳಗಿದ್ದರೆ ಬೇಗ ಮುರಿಯುತ್ತದೆ ಎಂದು ಹೆದರಬೇಡಿ. ತೆಳು ನಡು ಹೆಚ್ಚು ಹಿಗ್ಗುತ್ತದೆ, ರಸ್ತೆಗುಂಡಿಯ ಹೊಡೆತಕ್ಕೆ ಬಿಗಿತ ಪೂರ್ತಿ ಕಳೆದುಕೊಳ್ಳುವುದಿಲ್ಲ, ಬಾಗಿಗೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ.

ನಿಪ್ಪಲ್ ಹಿತ್ತಾಳೆಯದೇ ಬೇಕು. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ನಮ್ಮ ಕಡಲ ಕರೆಯ ಉಪ್ಪುಗಾಳಿಗೆ ಅಲ್ಯೂಮಿನಿಯಂ ನಿಪ್ಪಲ್ ಕಡ್ಡಿಗೆ ಕಚ್ಚಿಕೊಂಡುಬಿಡುತ್ತದೆ, ಮುಂದೆ ಬೆಂಡ್ ತೆಗೆಯಲು ತಿರುಗಿಸಿದರೆ ತಲೆಯೇ ಕಿತ್ತು ಬರುತ್ತದೆ. ಅಲ್ಯೂಮಿನಿಯಂ ಹಾಕಿದರೆ ಉಳಿಯುವ ತೂಕ ಕೆಲವು ಗ್ರಾಂ ಮಾತ್ರ.

ಕಾರ್ಬನ್ ರಿಮ್ ನಿಮ್ಮ ದಾರಿಗೆ ಬೇಡ. ದೇವಿಮನೆಯಂಥ ಉದ್ದ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದರೆ ರಿಮ್ ಕಾಯುತ್ತದೆ, ಅತಿಯಾದರೆ ಕಾರ್ಬನ್ ಪದರ ಹಿಡಿದಿಡುವ ರಾಳ ಮೆತ್ತಗಾಗಿ ಅಂಚು ಉಬ್ಬಬಹುದು. ಮಳೆಯಲ್ಲಿ ಬ್ರೇಕ್ ಹಿಡಿತವೂ ಅಲ್ಯೂಮಿನಿಯಂನಷ್ಟು ಇರುವುದಿಲ್ಲ.

ಮರುಪ್ರಶ್ನೆ (ಶಿರಸಿ):
ಬಹಳ ಉಪಕಾರವಾಯಿತು. ಈಗ ಸಿಗುವ ಹಬ್‌ಗಳು 11 ಸ್ಪೀಡ್‌ನವು. ನನ್ನ 10 ಸ್ಪೀಡ್ ಕ್ಯಾಸೆಟ್ ಕೂರುತ್ತದೆಯೇ? 36 ತೂತಿನದ್ದು ಇನ್ನೂ ಒಳ್ಳೆಯದಲ್ಲವೇ?

ಉತ್ತರ:
ಕೂರುತ್ತದೆ. ಕ್ಯಾಸೆಟ್ ಹಿಂದೆ 1.85 ಮಿ.ಮೀ. ದಪ್ಪದ ವಾಷರ್ ಹಾಕಬೇಕು. ಶಿಮಾನೊದ ಕೆಲವು 10 ಸ್ಪೀಡ್ ಕ್ಯಾಸೆಟ್‌ಗಳಿಗೆ ಅದರ ಜೊತೆ ಇನ್ನೊಂದು 1 ಮಿ.ಮೀ. ವಾಷರ್ ಬೇಕು, ಕ್ಯಾಸೆಟ್ ಜೊತೆಗೇ ಬಂದಿರುತ್ತದೆ, ಹಳೆಯದನ್ನು ಬಿಚ್ಚುವಾಗ ಎಸೆಯಬೇಡಿ. ಹಬ್ ತರಿಸುವ ಮೊದಲು ಫ್ರೇಮ್‌ನಲ್ಲಿ ಹಿಂದಿನ ಚಕ್ರ ಕೂರುವ ಅಂತರ ಅಳೆಯಿರಿ, 130 ಮಿ.ಮೀ. ಇರಬೇಕು.

ಸಾಮಾನು ಹೇರಿಕೊಂಡು ದೂರ ಹೋಗುವವರಿಗೆ, ನೂರು ಕಿಲೋ ದಾಟಿದವರಿಗೆ 36 ಹೇಳುತ್ತೇನೆ. ನಿಮಗೆ 32 ಧಾರಾಳ ಸಾಕು. ಅದಕ್ಕಿಂತ ಟಯರ್ ಕಡೆ ನೋಡಿ. ಬ್ರೇಕ್‌ಗೂ ಫ್ರೇಮ್‌ಗೂ ತಾಗದಿದ್ದರೆ 28 ಮಿ.ಮೀ. ಹಾಕಿ, ಗಾಳಿ ಸ್ವಲ್ಪ ಕಡಿಮೆ ಇಡಿ. ಗುಂಡಿಯ ಪೆಟ್ಟು ಕಡ್ಡಿಗೆ ತಲುಪುವ ಮೊದಲೇ ಟಯರ್ ಅದನ್ನು ನುಂಗಬೇಕು.

ಪ್ರಶ್ನೆ (ಕಾರವಾರದ ಸೈಕಲ್ ಸವಾರೆ):
ಅಣ್ಣಾ, ನನ್ನದು ಡಿಸ್ಕ್ ಬ್ರೇಕ್. ನನಗೂ ಇದೇ ಲೆಕ್ಕವೇ?

ಉತ್ತರ:
ಹೌದು ತಂಗಿ, ಬಹುಮಟ್ಟಿಗೆ ಇದೇ. ಹಬ್ ಮಾತ್ರ ಬೇರೆ, ಈಚಿನ ರೋಡ್ ಬೈಕ್‌ಗಳಲ್ಲಿ ಸಾಮಾನ್ಯವಾಗಿ 142 ಮಿ.ಮೀ. ಅಗಲ, 12 ಮಿ.ಮೀ. ಅಚ್ಚು. ಡಿಸ್ಕ್‌ನಲ್ಲಿ ಬ್ರೇಕಿನ ಬಲವೆಲ್ಲ ಹಬ್‌ನಿಂದ ಕಡ್ಡಿಗಳ ಮೂಲಕವೇ ರಿಮ್‌ಗೆ ಹೋಗುತ್ತದೆ. ಆದ್ದರಿಂದ ಅಡ್ಡ ಹೆಣಿಗೆ ಎರಡೂ ಬದಿಗೆ ಕಡ್ಡಾಯ, ಕಡ್ಡಿಗಳು ಒಂದನ್ನೊಂದು ದಾಟದೆ ನೇರವಾಗಿ ರಿಮ್ ಸೇರುವ ಚಕ್ರ ಬೇಡ. ನಿಮಗೆ ಇರುವ ಅನುಕೂಲವೆಂದರೆ ರಿಮ್ ಸವೆಯುವುದಿಲ್ಲ. ಮಾಸ್ತರರ ರಿಮ್ ಮಳೆಗಾಲದ ಕೆಂಪು ರಾಡಿಯಲ್ಲಿ ಬ್ರೇಕ್ ರಬ್ಬರಿಗೆ ಉಜ್ಜಿ ಉಜ್ಜಿ ತೆಳ್ಳಗಾಗುತ್ತದೆ, ಅವರು ಅಂಚಿನಲ್ಲಿರುವ ಸವೆತದ ಗುರುತನ್ನು ಆಗಾಗ ನೋಡುತ್ತಿರಬೇಕು.

ಕಡಲತೀರದ ಮರಳಿನಲ್ಲಿ ಓಡಿಸಿದ ದಿನ ಸಿಹಿನೀರಿನಿಂದ ತೊಳೆಯಿರಿ. ಆದರೆ ಗಾಡಿ ತೊಳೆಯುವ ಪಂಪಿನ ನೀರನ್ನು ಹಬ್‌ಗೆ ಹೊಡೆಸಬೇಡಿ, ಉಪ್ಪೂ ಮರಳೂ ಬೇರಿಂಗ್ ಒಳಗೇ ಸೇರುತ್ತವೆ.

ಪ್ರಶ್ನೆ (ಶಿರಸಿ):
ಕಟ್ಟಿದ ಚಕ್ರ ಸರಿಯಾಗಿದೆಯೇ ಎಂದು ನನ್ನಂಥವನಿಗೆ ಹೇಗೆ ತಿಳಿಯಬೇಕು?

ಉತ್ತರ:
ಬೆರಳಿನಿಂದ ಕಡ್ಡಿಗಳನ್ನು ಮೀಟಿ. ಒಂದು ಬದಿಯ ಎಲ್ಲ ಕಡ್ಡಿಗಳ ದನಿ ಹೆಚ್ಚುಕಡಿಮೆ ಒಂದೇ ಇರಬೇಕು, ಎಡಗಡೆಯದು ತಗ್ಗು, ಬಲಗಡೆಯದು ಏರು. ನಡುವೆ ಒಂದು ಮಂಕಾಗಿ ಕೇಳಿದರೆ ಅದು ಸಡಿಲವಿದೆ, ರಿಮ್ ನೇರ ಓಡುತ್ತಿದ್ದರೂ ಒಪ್ಪಿಕೊಳ್ಳಬೇಡಿ. ಕಟ್ಟುವವರಿಗೆ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಗಟ್ಟಿಯಾಗಿ ಅದುಮಿ, ಮತ್ತೆ ಬಿಗಿತ ನೋಡಲು ಹೇಳಿ. ಹಾಗೆ ಅದುಮಿದರೆ ಬಾಗುಗಳು ಹಬ್‌ನಲ್ಲಿ ಸರಿಯಾಗಿ ಕೂರುತ್ತವೆ. ಮೊದಲ ಕೆಲವು ಸವಾರಿಗಳಾದ ಮೇಲೆ ಒಮ್ಮೆ ತಂದು ತೋರಿಸಿ, ಮಳೆಗಾಲ ಮುಗಿದ ಕೂಡಲೇ ಹಬ್ ಬಿಚ್ಚಿಸಿ ಗ್ರೀಸ್ ಹಾಕಿಸಿ.