ಘಾಟು ಬರುತ್ತದೋ, ಬಡಿಯುತ್ತದೋ?

ಖಾರ ಕುಟ್ಟಿಸಬೇಕೆಂದು ಬ್ಯಾಡಗಿಯಿಂದ ಮೆಣಸಿನಕಾಯಿ ತಂದಿದ್ದೆವು. ಅಂಗಳದಲ್ಲಿ ಹರವಿಕೊಂಡು ನಾಲ್ಕು ಜನ ತುಂಬು (ತೊಟ್ಟು) ಬಿಡಿಸುತ್ತ ಕೂತಿದ್ದಾಗ ಎದ್ದ ಪ್ರಶ್ನೆ ಇದು. ನಮ್ಮ ದೊಡ್ಡವ್ವಗೆ ಕೊರೊನಾ ಬಂದು ಹೋದಾಗಿನಿಂದ ವಾಸನೆ ತಿಳಿಯುವುದಿಲ್ಲ. "ಮಲ್ಲಿಗಿ ಮೂಗಿಗೆ ಹಿಡಿದ್ರೂ ಅಷ್ಟ, ಗಟಾರ ದಾಟಿದ್ರೂ ಅಷ್ಟ" ಅನ್ನುತ್ತಾಳೆ. ಒಳಗೆ ಯಾರೋ ಹಂಚಿನ ಮೇಲೆ ಒಂದು ಮುಷ್ಟಿ ಕಾಯಿ ಹಾಕಿದರು. ಎಲ್ಲರಿಗಿಂತ ಮೊದಲು ಸೀನಿದವಳು ದೊಡ್ಡವ್ವನೇ, ಅದೂ ಒಂದಲ್ಲ, ಏಳು ಸೀನು. "ವಾಸನಿ ಬರೂದಿಲ್ಲ ಅಂತಿದ್ದಿ?" ಎಂದು ನಾನು ಚಾಷ್ಟಿ ಮಾಡಿದರೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅಂದಳು: "ವಾಸನಿ ಎಲ್ಲಿ ಬಂತೋ? ಘಾಟ ಬಡೀತು."

ಘಾಟು ಎಂದರೇನು ಎಂದು ಯಾರಾದರೂ ಕೇಳಿದರೆ ನಾನೂ ಇಷ್ಟು ದಿನ "ತೀಕ್ಷ್ಣವಾದ ವಾಸನೆ" ಎಂದೇ ಹೇಳುತ್ತಿದ್ದೆ. ದೊಡ್ಡವ್ವನ ಮೂಗು ಅದನ್ನು ಸುಳ್ಳು ಮಾಡಿತು.

ಕ್ರಿಯಾಪದ ಗಮನಿಸಿ. ನಮ್ಮ ಕಡೆ ವಾಸನೆ "ಬರ್ತೈತಿ", ಘಾಟು ಮಾತ್ರ "ಬಡೀತೈತಿ". ಇನ್ನೇನೇನು ಬಡಿಯುತ್ತದೆ? ಗಾಳಿ ಬಡಿಯುತ್ತದೆ, ಝಳ ಬಡಿಯುತ್ತದೆ, ಬಿಸಿಲು ಬಡಿಯುತ್ತದೆ. ಎಲ್ಲವೂ ಮೈಗೆ ತಾಗುವಂಥವು. ಮುಗ್ಗಲು, ಕಮಟು, ಸೀದದ್ದು ಇವೆಲ್ಲ ಎಷ್ಟೇ ಜೋರಾಗಿದ್ದರೂ ಬರುತ್ತವೆಯೇ ಹೊರತು ಬಡಿಯುವುದನ್ನು ನಾನು ಕೇಳಿಲ್ಲ. ಇನ್ನೊಂದು ಸಾಕ್ಷಿ ಉಳ್ಳಾಗಡ್ಡಿ. ಹೆಚ್ಚುವಾಗ "ಕಣ್ಣಿಗೆ ಘಾಟ ಬಡೀತು" ಅನ್ನುತ್ತೇವೆ. ಕಣ್ಣಿಗೆ ವಾಸನೆ ತಿಳಿದೀತೇ?

ಶರೀರಶಾಸ್ತ್ರ ಹೇಳುವುದೂ ಹೆಚ್ಚುಕಡಿಮೆ ದೊಡ್ಡವ್ವನ ಮಾತನ್ನೇ. ವಾಸನೆ ಹಿಡಿಯುವ ಕೋಶಗಳು ಮೂಗಿನ ಮೇಲ್ಭಾಗದಲ್ಲಿವೆ, ಅವುಗಳ ನರ ಬೇರೆ. ಮೆಣಸಿನಕಾಯಿ ಕೆಣಕುವುದು ಟ್ರೈಜೆಮಿನಲ್ ಎಂಬ ನರವನ್ನು. ಅದು ಮೂರು ಕವಲಾಗಿ ಒಂದು ಕಣ್ಣು-ಹಣೆಯ ಕಡೆ, ಒಂದು ಮೂಗು-ಮೇಲ್ದವಡೆಯ ಕಡೆ, ಇನ್ನೊಂದು ಕೆಳದವಡೆ-ನಾಲಿಗೆಯ ಕಡೆ ಹೋಗುತ್ತದೆ. ಅದರ ಕೆಲಸ ಸ್ಪರ್ಶ, ಶಾಖ, ನೋವು ತಿಳಿಸುವುದು. ಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ಅಂಶ ಈ ನರದ ತುದಿಯಲ್ಲಿರುವ ಯಾವ ಬಾಗಿಲನ್ನು ತೆರೆಯುತ್ತದೆ ಎಂದು ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಮತ್ತು ಜೊತೆಗಾರರು 1997ರಲ್ಲಿ ತೋರಿಸಿದರು. ಜೂಲಿಯಸ್ ಅವರಿಗೆ 2021ರ ನೊಬೆಲ್ ಬಂದದ್ದು ಇಂಥ ಕೆಲಸಕ್ಕೇ. ಅದೇ ಬಾಗಿಲು ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೂ ತೆರೆಯುತ್ತದೆ. ಹಾಗಾಗಿ ಖಾರ ಹತ್ತಿದಾಗ ಮಿದುಳಿಗೆ ಮುಟ್ಟುವ ಸುದ್ದಿ "ಸುಡ್ತು" ಎಂದೇ. ಇಂಗ್ಲಿಷಿನವರು ಬಿಸಿಗೂ ಖಾರಕ್ಕೂ ಒಂದೇ "ಹಾಟ್" ಅನ್ನುವುದನ್ನು ನಾನು ಅವರ ಭಾಷೆಯ ಬಡತನ ಎಂದುಕೊಂಡಿದ್ದೆ. ಆ ಮಾತು ವಾಪಸ್ ತಗೊಳ್ಳಬೇಕಾಯಿತು. ನಾವೂ "ಬಾಯಾಗ ಬೆಂಕಿ ಹತ್ತೇತಿ" ಅನ್ನುತ್ತೇವಲ್ಲ.

ಅಂದರೆ ಒಂದೇ ಕಾಯಿ, ಒಂದೇ ನರ. ನಾಲಿಗೆಗೆ ತಾಗಿದರೆ ಖಾರ, ಮೂಗಿಗೆ ತಾಗಿದರೆ ಘಾಟು, ತುಂಬು ಬಿಡಿಸಿದ ಕೈಯಲ್ಲಿ ಕಣ್ಣು ತಿಕ್ಕಿಕೊಂಡರೆ ಉರಿ. ಷಡ್ರಸಗಳ ಲೆಕ್ಕದಲ್ಲಿ ಖಾರ ಒಂದು ರುಚಿ. ಇಂದಿನ ವಿಜ್ಞಾನದ ಐದು ರುಚಿಗಳಲ್ಲಿ ಅದಕ್ಕೆ ಜಾಗವಿಲ್ಲ.

ಖಾರ ಪದದ ಕಥೆಯೂ ಮಜವಾಗಿದೆ. ಅದು ಸಂಸ್ಕೃತದ ಕ್ಷಾರದಿಂದ ಬಂದದ್ದು, ಅಂದರೆ ಬೂದಿ-ಸೌಳಿನ ಚುರುಕು. ಮೆಣಸಿನಕಾಯಿ ಪೋರ್ಚುಗೀಸರ ಕಾಲದಲ್ಲಿ ಅಮೆರಿಕ ಖಂಡದಿಂದ ಬಂದ ಬೆಳೆ. ಹೆಸರಿಗೆ ಕಾಳುಮೆಣಸನ್ನು ಕಡ ತಂದಿತು, ಗುಣಕ್ಕೆ ಖಾರವನ್ನು ಕಸಿದುಕೊಂಡಿತು. ಈಗ ಧಾರವಾಡ-ಹಾವೇರಿ ಕಡೆ ಖಾರ ಅಂದರೆ ಆ ಪುಡಿಯೇ ಆಗಿಬಿಟ್ಟಿದೆ. ಬ್ಯಾಡಗಿ ಕಾಯಿಗೆ ಹೆಸರು ಬಂದದ್ದು ಬಣ್ಣಕ್ಕೆ, ಖಾರ ಕಡಿಮೆಯೇ. ಆದರೂ ಹಂಚಿಗೆ ಬಿದ್ದರೆ ಓಣಿಯೆಲ್ಲ ಕೆಮ್ಮುತ್ತದೆ, ಅದು ಬೇರೆ ಮಾತು.

ನನ್ನ ವಾದಕ್ಕೆ ತೊಡಕೂ ಇದೆ. ಮೈಸೂರು ಕಡೆಯ ಗೆಳೆಯರೊಬ್ಬರು "ಸೆಂಟಿನ ಘಾಟು", "ಘಾಟು ವಾಸನೆ" ಎಂದು ಸಲೀಸಾಗಿ ಬಳಸುತ್ತಾರೆ. ತೆಲುಗಿನಲ್ಲಿ ಘಾಟು ಪದ ಖಾರದ ಊಟಕ್ಕೂ ಕಟುವಾದ ಟೀಕೆಗೂ ಸಲ್ಲುತ್ತದೆ. ತಮಿಳಿನ ಕಾಟ್ಟಂ ಎಂಬುದಕ್ಕೆ ಸಿಟ್ಟು ಎಂಬ ಅರ್ಥವೂ ಇದೆ. ಹಾಗಿದ್ದರೂ ಪಠ್ಯಪುಸ್ತಕದಲ್ಲಿ ಅಮೋನಿಯಕ್ಕೆ "ಕಟು ವಾಸನೆ" ಎಂದು ಬರೆಯುವ ಕಡೆ ಘಾಟು ಎಂದರೆ ಹೆಚ್ಚು ಸರಿ ಎಂಬುದು ನನ್ನ ಅಭಿಪ್ರಾಯ. ರುಚಿಯೂ ಅಲ್ಲದ, ವಾಸನೆಯೂ ಅಲ್ಲದ ಈ ಸಂವೇದನೆಗೆ ಹೊಸದಾಗಿ ಸಂಸ್ಕೃತದಲ್ಲಿ ಪದ ಟಂಕಿಸುವುದು ಬೇಡ.

ತಿಳಿದವರು ಹೇಳಿ: ನಿಮ್ಮ ಊರಲ್ಲಿ ಘಾಟು ಏನು ಮಾಡುತ್ತದೆ? ಬರುತ್ತದೋ, ಏರುತ್ತದೋ, ಹೊಡೆಯುತ್ತದೋ? ಹಾಗೆಯೇ ರೊಟ್ಟಿಗೆ ಹಚ್ಚಿಕೊಳ್ಳುವ ನಮ್ಮ ಕೆಂಪು ಮೆಣಸಿನಕಾಯಿ ಚಟ್ನಿ ರಂಜಕಕ್ಕೂ, ಹಳೆಯ ಫಿರಂಗಿಯ ಕಿವಿಗೆ ತುಂಬುತ್ತಿದ್ದ ರಂಜಕ ಎಂಬ ಸಿಡಿಮದ್ದಿಗೂ ನಂಟಿದೆಯೇ?