ಪಾಸ್‌ವರ್ಡ್ ಸರಿ ಇದೆ, ಆದರೂ ಲಿನಕ್ಸ್ ಮಿಂಟ್ ಒಳಗೆ ಬಿಡುತ್ತಿಲ್ಲ

ಪ್ರಶ್ನೆ, ಸುಂಟಿಕೊಪ್ಪದಿಂದ:
ಸರ್, ನಮಸ್ಕಾರ. ತೋಟದ ಲೆಕ್ಕ ಬರೆಯುವ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಇದೆ. ನಿನ್ನೆಯಿಂದ ಪಾಸ್‌ವರ್ಡ್ ಹಾಕಿದರೆ ಪರದೆ ಒಂದು ಕ್ಷಣ ಕಪ್ಪಾಗಿ, ಮತ್ತೆ ಪಾಸ್‌ವರ್ಡ್ ಕೇಳುವ ಜಾಗಕ್ಕೇ ಬಂದು ನಿಲ್ಲುತ್ತದೆ. ತಪ್ಪು ಅಂತಲೂ ಹೇಳುವುದಿಲ್ಲ. ಮಳೆಗೆ ಕರೆಂಟ್ ಹೋಗಿ ಬಂದು ಮಾಡುತ್ತಿತ್ತು, ಅದರಿಂದ ಹೀಗಾಯ್ತಾ? ಫಾರ್ಮ್ಯಾಟ್ ಮಾಡಿಬಿಡಿ ಅಂತ ಒಬ್ಬರು ಹೇಳಿದರು. ಶನಿವಾರ ಬಟವಾಡೆ ಇದೆ, ಆಳುಗಳ ಹಾಜರಿಯೆಲ್ಲ ಅದರಲ್ಲೇ ಇದೆ.

ಉತ್ತರ:
ಮೇಡಂ, ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ನಿಮ್ಮ ಲೆಕ್ಕ ಬಹುತೇಕ ಹಾಗೇ ಇರುತ್ತದೆ. ಪಾಸ್‌ವರ್ಡ್ ತಪ್ಪಿದ್ದರೆ ಅದು ಬರೆದು ತೋರಿಸುತ್ತಿತ್ತು. ಇಲ್ಲಿ ಪಾಸ್‌ವರ್ಡ್ ಒಪ್ಪಿದೆ, ಆಮೇಲೆ ಡೆಸ್ಕ್‌ಟಾಪ್ ಶುರುವಾಗುವಾಗ ಏನೋ ಕೈಕೊಟ್ಟಿದೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಬರೀ ಅಕ್ಷರಗಳ ಕಪ್ಪು ಪರದೆ ಬರುತ್ತದೆ. ಅಲ್ಲಿ ಹೆಸರು, ಪಾಸ್‌ವರ್ಡ್ ಹಾಕಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಏನೂ ಕಾಣುವುದಿಲ್ಲ, ಗಾಬರಿ ಬೇಡ. ವಾಪಸ್ ಬರಲು ಎಫ್3 ಬದಲು ಎಫ್7. ಆ ಕಪ್ಪು ಪರದೆಯಲ್ಲಿ ಒಳಗೆ ಹೋಗಲು ಆಯ್ತಾ? ಇತ್ತೀಚೆಗೆ ಏನಾದರೂ ಸೆಟ್ಟಿಂಗ್ ಬದಲಿಸಿದ್ರಾ?

ಸುಂಟಿಕೊಪ್ಪ:
ಅಲ್ಲೂ ಹಾಗೇ ಸರ್, ಹೊರಗೆ ಹಾಕುತ್ತದೆ. ಕನ್ನಡ ಟೈಪ್ ಮಾಡಲು ಐಬಸ್ ಅನ್ನುವ ಪ್ರೋಗ್ರಾಂ ಹಾಕಿದ್ದೆ. ಎಲ್ಲೋ ಓದಿ, ಲಾಗಿನ್ ಆಗುವಾಗ ಕಂಪ್ಯೂಟರ್ ಓದುವ ಡಾಟ್ ಪ್ರೊಫೈಲ್ ಅನ್ನುವ ಫೈಲಿನ ಕೊನೆಗೆ ‘ಎಕ್ಸೆಕ್ ಐಬಸ್-ಡೀಮನ್ -ಡಿಆರ್‌ಎಕ್ಸ್’ ಅನ್ನುವ ಸಾಲು ಸೇರಿಸಿದೆ.

ಉತ್ತರ:
ಕಳ್ಳ ಸಿಕ್ಕಿದ. ಕರೆಂಟ್‌ದು ತಪ್ಪಿಲ್ಲ.

ಎರಡೂ ಕಡೆ ಹೊರಗೆ ಹಾಕಿದ್ದೇ ದೊಡ್ಡ ಸುಳಿವು. ಮಿಂಟ್‌ನಲ್ಲಿ ಡೆಸ್ಕ್‌ಟಾಪ್ ಲಾಗಿನ್, ಕಪ್ಪು ಪರದೆಯ ಲಾಗಿನ್, ಎರಡೂ ಡಾಟ್ ಪ್ರೊಫೈಲ್ ಓದುತ್ತವೆ. ಐಬಸ್ ಒಳ್ಳೆಯದೇ, ತೊಂದರೆ ಮಾಡಿದ್ದು ಮುಂದಿರುವ ‘ಎಕ್ಸೆಕ್’. ಈಗ ನಡೆಯುತ್ತಿರುವ ಕೆಲಸ ಬಿಟ್ಟು ಅದೇ ಜಾಗದಲ್ಲಿ ಇದನ್ನು ನಡೆಸು ಅಂತ ಅದರ ಅರ್ಥ. ಡೆಸ್ಕ್‌ಟಾಪ್ ತರಬೇಕಾದ ಕೆಲಸ ಅಲ್ಲೇ ಮುಗಿದು, ಅದರ ಜಾಗಕ್ಕೆ ಐಬಸ್ ಬಂತು. ಸಾಲಿನ ಕೊನೆಯ ‘-ಡಿಆರ್‌ಎಕ್ಸ್’ನಲ್ಲಿ ‘ಡಿ’ ಇರುವುದರಿಂದ ಐಬಸ್ ಹಿಂಬದಿಗೆ ಸರಿಯಿತು. ಮುಂದೆ ಯಾರೂ ಉಳಿಯಲಿಲ್ಲ. ಬಳಕೆದಾರರು ಹೊರಟರು ಅಂತ ಕಂಪ್ಯೂಟರ್ ತಿಳಿದುಕೊಂಡಿತು.

ಮಿಂಟ್ ಹಾಕಿದ ಪೆನ್‌ಡ್ರೈವ್ ಇದೆಯಾ? ಅದರಿಂದ ಬೂಟ್ ಮಾಡಿ, ಅಂದರೆ ಅದನ್ನು ಹಾಕಿ ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಿ. ಇನ್‌ಸ್ಟಾಲ್ ಐಕಾನ್ ಮಾತ್ರ ಮುಟ್ಟಬೇಡಿ. ಫೈಲ್ ಮ್ಯಾನೇಜರ್‌ನಲ್ಲಿ ನಿಮ್ಮ ಡಿಸ್ಕ್ ತೆರೆದು, ‘ಹೋಮ್’ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಓಪನ್ ಆಸ್ ರೂಟ್’ (ಪೂರ್ತಿ ಅಧಿಕಾರದಿಂದ ತೆರೆಯುವುದು) ಕೊಡಿ. ಒಳಗೆ ನಿಮ್ಮ ಹೆಸರಿನ ಫೋಲ್ಡರ್ ಇರುತ್ತದೆ. ಅದನ್ನು ತೆರೆದು ಕಂಟ್ರೋಲ್ ಎಚ್ ಒತ್ತಿದರೆ ಅಡಗಿದ ಫೈಲ್‌ಗಳು ಕಾಣುತ್ತವೆ. ಡಾಟ್ ಪ್ರೊಫೈಲ್‌ಗೆ ಬೇರೆ ಹೆಸರು ಕೊಡಿ, ಅಳಿಸಬೇಡಿ. ಆ ಫೈಲ್ ಇಲ್ಲದಿದ್ದರೂ ಡೆಸ್ಕ್‌ಟಾಪ್ ಬರುತ್ತದೆ. ಪೆನ್‌ಡ್ರೈವ್ ತೆಗೆಯುವ ಮೊದಲು ಹಾಜರಿ ಫೈಲನ್ನು ಇನ್ನೊಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ.

ಗೋಣಿಕೊಪ್ಪದಿಂದ ಇನ್ನೊಬ್ಬರು:
ನನ್ನದು ಜುಬುಂಟು, ಅದೂ ಮಿಂಟ್ ತರಹದ ಒಂದು ಲಿನಕ್ಸ್. ಕಪ್ಪು ಪರದೆಯಲ್ಲಿ ಒಳಗೆ ಹೋಗುತ್ತೇನೆ, ಡೆಸ್ಕ್‌ಟಾಪ್ ಮಾತ್ರ ಬರುವುದಿಲ್ಲ. ಇದೇನಾ?

ಉತ್ತರ:
ಇಲ್ಲ, ನಿಮ್ಮದು ಬೇರೆ. ಮೊದಲು ಡಿಸ್ಕ್ ತುಂಬಿದೆಯಾ ನೋಡಿ, ಕಪ್ಪು ಪರದೆಯಲ್ಲಿ ‘ಡಿಎಫ್ -ಎಚ್’ ಅಂತ ಟೈಪ್ ಮಾಡಿದರೆ ಹೇಳುತ್ತದೆ. 100% ಇದ್ದರೆ ಜಾಗ ಮಾಡಿ, ಅಷ್ಟೇ ಸಾಕಾಗಬಹುದು. ಜಾಗ ಇದ್ದರೆ ‘ಎಲ್‌ಎಸ್ -ಎಲ್‌ಎ’ ಕೊಟ್ಟು ಡೆಸ್ಕ್‌ಟಾಪ್ ತೆರೆಯಲು ಬೇಕಾದ ಅನುಮತಿ ಇರುವ ಡಾಟ್ ಎಕ್ಸ್‌ಅಥಾರಿಟಿ ಫೈಲ್ ಯಾರ ಹೆಸರಿನಲ್ಲಿದೆ ನೋಡಿ. ‘ರೂಟ್’ ಅಂತಿದ್ದರೆ ಯಾವಾಗಲೋ ಸುಡೋ (ರೂಟ್ ಅಧಿಕಾರ ಕೊಡುವ ಆದೇಶ) ಹಾಕಿ ಡೆಸ್ಕ್‌ಟಾಪ್ ಪ್ರೋಗ್ರಾಂ ನಡೆಸಿದ್ದೀರಿ, ಹೀಗಾಗುವುದು ಜಾಸ್ತಿ ಅದರಿಂದಲೇ. ಆ ಫೈಲಿನ ಹೆಸರು ಬದಲಿಸಿ, ಮುಂದಿನ ಲಾಗಿನ್‌ನಲ್ಲಿ ಹೊಸದು ತಾನೇ ಹುಟ್ಟುತ್ತದೆ. ಅದೂ ಅಲ್ಲದಿದ್ದರೆ ಡೆಸ್ಕ್‌ಟಾಪ್‌ನ ತಪ್ಪುಗಳು ದಾಖಲಾಗುವ ಡಾಟ್ ಎಕ್ಸ್‌ಸೆಷನ್-ಎರರ್ಸ್ ಫೈಲಿನ ಕೊನೆಯ ಸಾಲುಗಳನ್ನು ಇಲ್ಲಿ ಹಾಕಿ.

ಸುಂಟಿಕೊಪ್ಪ:
ಡೆಸ್ಕ್‌ಟಾಪ್ ಬಂತು ಸರ್! ಹಾಜರಿ ಪೂರ್ತಿ ಇದೆ. ತುಂಬಾ ಉಪಕಾರವಾಯ್ತು. ಕನ್ನಡ ಟೈಪ್ ಮಾಡಲು ಈಗ ಏನು ಮಾಡಲಿ?

ಉತ್ತರ:
ಬಹಳ ಸಂತೋಷ ಮೇಡಂ. ಕನ್ನಡಕ್ಕೆ ಯಾವ ಫೈಲನ್ನೂ ತಿದ್ದಬೇಕಿಲ್ಲ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಲೇಔಟ್ಸ್‌ಗೆ ಹೋಗಿ, ಪ್ಲಸ್ ಒತ್ತಿ, ಕನ್ನಡ ಕಗಪ ಅನ್ನುವ ಕೀಲಿಮಣೆ ವಿನ್ಯಾಸ ಆರಿಸಿ. ನುಡಿ ತಂತ್ರಾಂಶ ಬಳಸಿ ಅಭ್ಯಾಸ ಇದ್ದರೆ ಕೈ ತಾನೇ ಓಡುತ್ತದೆ, ಒತ್ತಕ್ಷರಕ್ಕೆ ಇಲ್ಲೂ ಎಫ್ ಕೀ. ಬಿಡುವಾದಾಗ ಆ ಹಳೆ ಪ್ರೊಫೈಲ್ ಫೈಲ್ ತೆರೆದು, ಎಕ್ಸೆಕ್ ಸಾಲು ಮಾತ್ರ ಅಳಿಸಿ, ಮೊದಲಿನ ಹೆಸರನ್ನೇ ಕೊಡಿ.